ಗೌಂಡಿಯ ದಾರ, ಯೂಕ್ಲಿಡನ ತರ್ಕ

ಇಳಕಲ್ಲಿನಲ್ಲಾಗಲಿ ಹುನಗುಂದದಲ್ಲಾಗಲಿ, ಮನೆಯ ಪಾಯಕ್ಕೆ ಗುರುತು ಹಾಕುವ ಗೌಂಡಿಯನ್ನು ವಾಚಕರು ನೋಡಿರಬಹುದು. ಎರಡು ದಾರಗಳು ಕೂಡುವ ಮೂಲೆಯಿಂದ ಒಂದರ ಮೇಲೆ 3 ಅಡಿಗೂ ಇನ್ನೊಂದರ ಮೇಲೆ 4 ಅಡಿಗೂ ಗುರುತು ಮಾಡಿ, ಆ ಗುರುತುಗಳ ನಡುವಣ ದೂರವನ್ನು ಅಳೆಯುತ್ತಾನೆ. ಅದು ಸರಿಯಾಗಿ 5 ಅಡಿ ಬರುವವರೆಗೆ ದಾರವನ್ನು ಅತ್ತಿತ್ತ ಸರಿಸಿ, ಬಂದೊಡನೆ ಗೂಟ ಹೊಡೆಯುತ್ತಾನೆ. ಮೂಲೆ ಲಂಬಕೋನವಾಯಿತು!

ದಾರದಿಂದ ಅಳೆಯುವ ವಿದ್ಯೆ ನಮ್ಮ ದೇಶದಲ್ಲಿ ಬಹು ಹಳೆಯದು. ಯಜ್ಞವೇದಿಗಳ ರಚನೆಯನ್ನು ತಿಳಿಸುವ ಶುಲ್ಬಸೂತ್ರಗಳ ಹೆಸರಿನಲ್ಲಿರುವ 'ಶುಲ್ಬ'ವೆಂದರೆ ಹಗ್ಗವೇ. ಆದರೆ ಗೌಂಡಿಯ ಈ ಉಪಾಯಕ್ಕೆ ಆಧಾರವೇನು? ತರಗತಿಯಲ್ಲಿ ನಾವು ಹೀಗೆ ಕೇಳಿದಾಗಲೆಲ್ಲ "ಪೈಥಾಗೊರಸನ ಪ್ರಮೇಯ" ಎಂಬ ಉತ್ತರ ಥಟ್ಟನೆ ಬರುವುದು. ಉತ್ತರ ಸಮೀಪದ್ದು, ಆದರೆ ಸರಿಯಲ್ಲ.

ಪ್ರಮೇಯವು ಹೇಳುವುದಿಷ್ಟು: ತ್ರಿಭುಜದ ಒಂದು ಕೋನವು ಲಂಬಕೋನವಾಗಿದ್ದರೆ, ವಿಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. ಇಲ್ಲಿ ಲಂಬಕೋನವು ದತ್ತ. ಗೌಂಡಿಗಾದರೋ ದತ್ತವಾಗಿರುವುದು ಬಾಹುಗಳ ಉದ್ದ ಮಾತ್ರ, ಲಂಬಕೋನವೇ ಸಾಧನೀಯ. ಅವನಿಗೆ ಬೇಕಾದುದು ಪ್ರಮೇಯವಲ್ಲ, ಅದರ ವಿಲೋಮ.

ಒಂದು ಹೇಳಿಕೆ ನಿಜವಾದ ಮಾತ್ರಕ್ಕೆ ಅದರ ವಿಲೋಮವೂ ನಿಜವಾಗಬೇಕಾಗಿಲ್ಲ. ಬಾದಾಮಿಯ ಗುಹೆಗಳ ಮುಂದೆ ನಿಂತವನು ಬಾಗಲಕೋಟೆ ಜಿಲ್ಲೆಯಲ್ಲಿರುವನೆಂಬುದು ನಿಶ್ಚಯ. ಆದರೆ ಜಿಲ್ಲೆಯಲ್ಲಿರುವವನು ಇಳಕಲ್ಲಿನ ಮಗ್ಗದ ಮುಂದೆಯೂ ಕುಳಿತಿರಬಹುದು. ಮಲೇರಿಯಾ ತಗುಲಿದವನಿಗೆ ಜ್ವರ ಬರುವುದು; ಹಾಗೆಂದು ಜ್ವರ ಬಂದವರಿಗೆಲ್ಲ ಮಲೇರಿಯಾದ ಗುಳಿಗೆ ಕೊಟ್ಟರೆ ಗತಿಯೇನು?

ಹಾಗಾದರೆ ನೂರು ಮೂಲೆಗಳನ್ನು ಕೋನಮಾಪಕದಿಂದ ಅಳೆದು ನೋಡಿದರೆ ಸಾಲದೆ? ಸಾಲದು. ಒಂದು ಅಳತೆ 89 ಅಂಶ ಬರಬಹುದು, ಇನ್ನೊಂದು 91. ನೂರೂ ಸರಿಬಂದರೂ ನೂರೊಂದನೆಯದಕ್ಕೆ ಹೊಣೆ ಯಾರು? ಭೌತವಿಜ್ಞಾನವು ಅಳತೆಯನ್ನು ನಂಬಿಯೇ ನಡೆಯುವುದು. ರೇಖಾಗಣಿತದ ನಿಶ್ಚಯವಾದರೋ ಬೇರೆ ಬಗೆಯದು. ಒಪ್ಪಿದ ಮಾತುಗಳಿಂದ ಹೊಸ ಮಾತನ್ನು ಹೊರಡಿಸುವ ನಿಗಮನ ತರ್ಕದಿಂದ ಅದು ದೊರೆಯುತ್ತದೆ.

ಕ್ರಿ. ಪೂ. 300ರ ಸುಮಾರಿನಲ್ಲಿ ಯೂಕ್ಲಿಡನು ತನ್ನ ಗ್ರಂಥದ ಮೊದಲನೆಯ ಭಾಗದಲ್ಲಿ ಈ ಪ್ರಮೇಯವನ್ನು 47ನೆಯದಾಗಿ ಸಾಧಿಸಿ, ವಿಲೋಮವನ್ನು 48ನೆಯದಾಗಿ ಬೇರೆಯೇ ಸಾಧಿಸಿದನು. ಅವನ ದಾರಿಯನ್ನು ಹಿಡಿದು ನೋಡೋಣ. ಗೌಂಡಿಯ ತ್ರಿಭುಜ ಕಖಗ; ಕಖ = 3, ಖಗ = 4, ಕಗ = 5. ಖ ಕೋನವೆಷ್ಟೆಂದು ತಿಳಿಯದು. ಬೇರೊಂದೆಡೆ ಚಛಜ ತ್ರಿಭುಜವನ್ನು ರಚಿಸೋಣ. ಇದರಲ್ಲಿ ಛ ಕೋನವನ್ನು ನಾವೇ ಲಂಬಕೋನವಾಗಿ ಮಾಡಿದ್ದೇವೆ; ಚಛ = 3, ಛಜ = 4. ಇದಕ್ಕೆ ಪ್ರಮೇಯವನ್ನು ಅನ್ವಯಿಸಬಹುದು: 9 + 16 = 25; ಆದುದರಿಂದ ಚಜ = 5. ಈಗ ಎರಡು ತ್ರಿಭುಜಗಳ ಮೂರು ಬಾಹುಗಳೂ ಕ್ರಮವಾಗಿ ಸಮ; ಆದುದರಿಂದ ಅವು ಸರ್ವಸಮ. ಅಂತೆಯೇ ಖ ಕೋನವು ಛ ಕೋನಕ್ಕೆ ಸಮ, ಎಂದರೆ ಲಂಬಕೋನ. ಕೋನಮಾಪಕವನ್ನು ಮುಟ್ಟದೆಯೇ ಗೌಂಡಿಯ ನಂಬಿಕೆ ನಿಶ್ಚಯವಾಯಿತು.

ಪರೀಕ್ಷೆಯಲ್ಲಿ ಸಾಧನೆಯನ್ನು ತಪ್ಪಿಲ್ಲದೆ ಬರೆದ ವಿದ್ಯಾರ್ಥಿಯು, ಆಕೃತಿಯ ಅಕ್ಷರಗಳನ್ನು ಬದಲಿಸಿದೊಡನೆ ತಡವರಿಸುವುದನ್ನು ನಾವು ಕಂಡಿದ್ದೇವೆ. ಅವನು ಕಲಿತದ್ದು ಸಾಲುಗಳನ್ನು, ತರ್ಕವನ್ನಲ್ಲ. ಒಂದೊಂದು ಸಾಲಿನ ಮುಂದೆಯೂ "ಏಕೆ?" ಎಂದು ಕೇಳಿ, ಯಾವುದು ದತ್ತ, ಯಾವುದು ಸಾಧನೀಯ ಎಂಬುದನ್ನು ಬಿಡಿಸಿಕೊಂಡರೆ ಬಾಯಿಪಾಠದ ಅಗತ್ಯವೇ ಬೀಳದು. ಶಾಲೆ ಬಿಟ್ಟ ಮೇಲೆ ನಮ್ಮಲ್ಲಿ ಹೆಚ್ಚಿನವರು ತ್ರಿಭುಜವನ್ನು ಬರೆಯಲಿಕ್ಕಿಲ್ಲ. ಆದರೆ "ಹೀಗಿದ್ದರೆ ಹಾಗೆ" ಎಂಬ ಮಾತನ್ನು ದಿನವೂ ಕೇಳುವೆವು, ದಿನವೂ ತೂಗಿನೋಡಬೇಕಾಗುವುದು.

ಕೊನೆಗೆ ವಾಚಕರಿಗೊಂದು ಪ್ರಶ್ನೆ. ಆಯತದ ಕರ್ಣಗಳು ಪರಸ್ಪರ ಸಮ. ಕೋಣೆಯ ಎದುರು ಬದಿಗಳನ್ನು ಸಮಮಾಡಿಕೊಂಡ ಮೇಲೆ ಗೌಂಡಿಯು ಕರ್ಣಗಳೆರಡನ್ನೂ ಅಳೆದು ನೋಡುವುದುಂಟು. ಎದುರು ಬದಿಗಳನ್ನು ಅಳೆಯದೆ, ಕರ್ಣಗಳನ್ನು ಮಾತ್ರ ಅಳೆದರೆ ಸಾಕೆ? ಕಾಗದ, ಸೀಸದಕಡ್ಡಿ ಹಿಡಿದು ಯೋಚಿಸಿರಿ.