ಲೆಕ್ಕವೂ ಬರಲಿ, ಕಂಪ್ಯೂಟರೂ ಬರಲಿ



ಪಿ.ಯು.ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಮುಂದೆ ಯಾವ ಓದಿಗೆ ಹಾಕಬೇಕೆಂದು ತಾವು ಯೋಚಿಸುತ್ತಿರಬಹುದು. ಬಿ.ಕಾಂ., ಬಿ.ಬಿ.ಎ. ತರಗತಿಗಳಲ್ಲಿ ಲೆಕ್ಕಪತ್ರ, ವ್ಯಾಪಾರ ಮತ್ತು ಆಡಳಿತವನ್ನು ಕಲಿಸುತ್ತಾರೆ. ಬಿ.ಸಿ.ಎ. ತರಗತಿಯಲ್ಲಿ ಕಂಪ್ಯೂಟರ್ ವಿದ್ಯೆಯೇ ಮುಖ್ಯ. ಈ ಎರಡು ವಿದ್ಯೆಗಳೂ ಒಬ್ಬರಲ್ಲೇ ಕೂಡಿದರೆ ಏನು ಲಾಭವೆಂಬುದನ್ನು ಹಾಲಿನ ಸೊಸೈಟಿಯಲ್ಲೇ ಕಾಣಬಹುದು.

ಸೊಸೈಟಿಗೆ ತಾವು ಹಾಲು ಹಾಕಿದಾಗ ಅಳತೆ ಮತ್ತು ಫ್ಯಾಟ್ ನೋಡಿ ದರ ಕಟ್ಟುತ್ತಾರೆ. ಫ್ಯಾಟ್ 4.2 ಇದ್ದು, ಕೈತಪ್ಪಿ 3.2 ಎಂದು ಒತ್ತಿದರೆ ಕಂಪ್ಯೂಟರು ಅದನ್ನೇ ನಂಬಿ ಲೆಕ್ಕ ಹಾಕುತ್ತದೆ. ಗುಣಾಕಾರ ಸರಿಯಾಗಿಯೇ ಇರುತ್ತದೆ. ನಷ್ಟ ಮಾತ್ರ ತಮ್ಮದು. ಕಂಪ್ಯೂಟರ್ ಮಾತ್ರ ಬಲ್ಲವನಿಗೆ ಈ ಮೊತ್ತ ಕಡಿಮೆಯೆಂದು ತೋರದು. ಲೆಕ್ಕ ಮಾತ್ರ ಬಲ್ಲವನಿಗೆ ತಪ್ಪು ಎಲ್ಲಿ ಸೇರಿತೆಂದು ಹುಡುಕಲು ಬಾರದು. ಎರಡನ್ನೂ ಬಲ್ಲವರು ತಪ್ಪನ್ನು ಹಿಡಿದು ತಿದ್ದಬಲ್ಲರು.

ಇಂತಹವರ ಅಗತ್ಯ ಹೆಚ್ಚುತ್ತಲೇ ಇದೆ. 2000ದ ಸುಮಾರಿಗೆ 'ಭೂಮಿ' ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದವು. 2014ರಿಂದ ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ ಕಂಪ್ಯೂಟರಿನ ಮೂಲಕ ಟೆಂಡರ್ ಕರೆಯುವ ಏಕೀಕೃತ ವ್ಯವಸ್ಥೆ ಬಂದಿತು. 2016ರಲ್ಲಿ ದೇಶದ ಮಟ್ಟದಲ್ಲಿ 'ಇ-ನಾಮ್' ಆರಂಭವಾಯಿತು. ಮಂಡ್ಯದ ಬೆಲ್ಲವಾಗಲಿ, ಮದ್ದೂರಿನ ಎಳನೀರಾಗಲಿ, ಮಳವಳ್ಳಿಯ ಭತ್ತವಾಗಲಿ, ದರ ತಿಳಿಯಲು ಮತ್ತು ಹಣ ಪಡೆಯಲು ಇಂದು ಮೊಬೈಲೂ ಬ್ಯಾಂಕ್ ಖಾತೆಯೂ ಬೇಕು.

ಕಾಲೇಜಿಗೆ ಶುಲ್ಕ ಕಟ್ಟುವ ಮೊದಲು ಈ ವಿಷಯಗಳನ್ನು ಕೇಳಿ ತಿಳಿಯಿರಿ:

1. ಬಿ.ಸಿ.ಎ. ಆದರೆ ಲೆಕ್ಕಪತ್ರವನ್ನೂ, ಬಿ.ಕಾಂ. ಅಥವಾ ಬಿ.ಬಿ.ಎ. ಆದರೆ ಕಂಪ್ಯೂಟರನ್ನೂ ಕಲಿಸುವರೇ?

2. ಕಂಪ್ಯೂಟರ್ ಕೋಣೆಯಲ್ಲಿ ವಾರಕ್ಕೆ ಎಷ್ಟು ಗಂಟೆ ವಿದ್ಯಾರ್ಥಿಯೇ ಕುಳಿತು ಕೆಲಸ ಮಾಡಬಹುದು?

3. ವಿಶ್ವವಿದ್ಯಾನಿಲಯದ ಮಾನ್ಯತೆ ಇದೆಯೇ? 2024-25ರಿಂದ ಬಿ.ಸಿ.ಎ., ಬಿ.ಬಿ.ಎ. ತರಗತಿಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ವ್ಯಾಪ್ತಿಗೆ ಬಂದಿವೆ. ಆ ಮಂಜೂರಾತಿಯ ಪತ್ರವನ್ನೂ ತೋರಿಸಲು ಕೇಳಿರಿ.

4. ಶುಲ್ಕದ ಜೊತೆಗೆ ಬಸ್ಸು, ಹಾಸ್ಟೆಲು, ಪುಸ್ತಕ ಸೇರಿ 3 ವರ್ಷಕ್ಕೆ ಒಟ್ಟು ಎಷ್ಟಾಗುವುದು? ವಿದ್ಯಾರ್ಥಿವೇತನ ಸಿಗುವುದೇ?

ಪದವಿ ಪಡೆದ ಮಾತ್ರಕ್ಕೆ ನೌಕರಿ ಖಂಡಿತವೆಂದು ತಿಳಿಯಬೇಡಿ. ಓದುವಾಗಲೇ ರಜೆಯ ದಿನಗಳಲ್ಲಿ ಮನೆಯ ಬೇಸಾಯದ ಖರ್ಚು-ವೆಚ್ಚವನ್ನು ಮಕ್ಕಳಿಂದಲೇ ಬರೆಸಿರಿ. ಗೊಬ್ಬರಕ್ಕೆಷ್ಟು, ಕೂಲಿಗೆಷ್ಟು, ಕೈಗೆ ಬಂದದ್ದೆಷ್ಟು ಎಂಬುದು ಒಂದು ವರ್ಷದಲ್ಲಿ ತಮಗೂ ತಿಳಿಯುವುದು, ಅವರ ವಿದ್ಯೆಯೂ ಗಟ್ಟಿಯಾಗುವುದು.