ಹೋದ ಕಾಲಕ್ಕೆ ಹಾದಿಯಿದೆಯೇ?

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯನ್ನು ಕೇಳದವರಿಲ್ಲ. ಪರೀಕ್ಷೆಯಲ್ಲಿ ಫೇಲಾದ ಹುಡುಗ, ಸಾಲ ಮಾಡಿ ಅಂಗಡಿ ಹಾಕಿ ಕೈಸುಟ್ಟುಕೊಂಡವ, ಸಿಟ್ಟಿನ ಭರದಲ್ಲಿ ತಮ್ಮನೊಡನೆ ಮಾತು ಬಿಟ್ಟ ಅಣ್ಣ, ಇವರೆಲ್ಲ ಒಂದಲ್ಲ ಒಂದು ರಾತ್ರಿ ನಿದ್ದೆಗೆಟ್ಟು ಯೋಚಿಸುವುದು ಒಂದನ್ನೇ: ‘ಒಮ್ಮೆ ಹಿಂದಕ್ಕೆ ಹೋಗಿ ಅದನ್ನು ಸರಿಪಡಿಸುವಂತಿದ್ದರೆ!’

ಯಂತ್ರವೇರಿ ಕಾಲದಲ್ಲಿ ಸಂಚರಿಸುವ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು ಎಚ್.ಜಿ. ವೆಲ್ಸ್ ಅವರ ‘ದಿ ಟೈಮ್ ಮಷಿನ್’ ಕಾದಂಬರಿ. ಅದು ಪ್ರಕಟವಾದದ್ದು 1895ರಲ್ಲಿ. ಕನ್ನಡದಲ್ಲೂ 2024ರಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ ‘ಬ್ಲಿಂಕ್’ ಚಿತ್ರ ತೆರೆಕಂಡಿತು. ಅದರ ನಾಯಕ ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಬೇರೆ ಕಾಲದಲ್ಲಿ ಇರಬಲ್ಲ!

ಕಥೆ ಹಾಗಿರಲಿ, ವಿಜ್ಞಾನ ಏನು ಹೇಳುತ್ತದೆ?

ಮುಂದಕ್ಕೆ ಹೋಗಲು ಅಡ್ಡಿಯಿಲ್ಲ ಎನ್ನುತ್ತದೆ. ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆಂದು ಐನ್‌ಸ್ಟೈನ್ 1905ರಲ್ಲೇ ತೋರಿಸಿದರು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟುಕೊಂಡು ಭೂಮಿ ಸುತ್ತಿದರು. ಪೂರ್ವಾಭಿಮುಖವಾಗಿ ಸುತ್ತಿ ಬಂದಾಗ ಅವು ನೆಲದ ಮೇಲಿನ ಗಡಿಯಾರಕ್ಕಿಂತ ಸುಮಾರು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದಿದ್ದವು. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಸೆಕೆಂಡ್. ಅಂದರೆ ಆ ಪ್ರಯಾಣಿಕರು ಅಷ್ಟರ ಮಟ್ಟಿಗೆ ನಮ್ಮ ಭವಿಷ್ಯಕ್ಕೆ ಜಿಗಿದಿದ್ದರು.

ಹಿಂದಕ್ಕೆ ಹೋಗುವ ಮಾತೇ ಬೇರೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಜ್‌ನಲ್ಲಿ ಒಂದು ಔತಣ ಏರ್ಪಡಿಸಿದರು. ಆಮಂತ್ರಣ ಪತ್ರಿಕೆಯನ್ನು ಪ್ರಕಟಿಸಿದ್ದು ಔತಣ ಮುಗಿದ ಮೇಲೆ! ಮುಂದಿನ ಕಾಲದಿಂದ ಹಿಂದಕ್ಕೆ ಬರಬಲ್ಲವರಿಗೆ ಮಾತ್ರ ಅದರಲ್ಲಿ ಭಾಗವಹಿಸಲು ಸಾಧ್ಯವಿತ್ತು. ಯಾರೂ ಬರಲಿಲ್ಲ.

ತರ್ಕವೂ ಅಡ್ಡ ಬರುತ್ತದೆ. ಹಿಂದಕ್ಕೆ ಹೋಗಿ ತಪ್ಪನ್ನು ಅಳಿಸಿದರೆ ಪಶ್ಚಾತ್ತಾಪಕ್ಕೆ ಕಾರಣವೇ ಉಳಿಯದು. ಪಶ್ಚಾತ್ತಾಪವೇ ಇಲ್ಲದವನು ಹಿಂದಕ್ಕೆ ಹೊರಡುವುದೇಕೆ? ಅವನು ಹೊರಡದಿದ್ದರೆ ತಪ್ಪನ್ನು ಅಳಿಸಿದವರು ಯಾರು?

ಇನ್ನೊಂದು ಪ್ರಶ್ನೆಯೂ ಇದೆ. ನಾವು ಅಳಿಸಬಯಸುವ ಘಟನೆಯನ್ನು ಕಿತ್ತರೆ ಅದರ ಬೆನ್ನಿಗೆ ಬಂದ ಇನ್ನೇನೇನು ಕಿತ್ತುಬರುತ್ತದೆ? ಉತ್ತರಕ್ಕಾಗಿ ಕೇಂಬ್ರಿಜ್‌ಗೆ ಹೋಗಬೇಕಿಲ್ಲ, ಹುಬ್ಬಳ್ಳಿಯ ದೇಶಪಾಂಡೆ ನಗರಕ್ಕೆ ಹೋದರೆ ಸಾಕು. ಗಂಗೂಬಾಯಿ ಹಾನಗಲ್ ಬಾಳಿದ ‘ಗಂಗಾಲಹರಿ’ ಮನೆ ಇರುವುದು ಅಲ್ಲಿಯೇ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ದನಿ ಮೊದಲು ತೆಳುವಾಗಿತ್ತು, ಏರುಶ್ರುತಿಯದಾಗಿತ್ತು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಗ್ರಾಮಾಫೋನ್ ತಟ್ಟೆಗಳಲ್ಲಿ ಆ ದನಿ ಉಳಿದಿದೆ. ಮುಂದೆ ಟಾನ್ಸಿಲ್ ಚಿಕಿತ್ಸೆಯಾದ ಬಳಿಕ ಅದು ದಪ್ಪವಾಗಿ ಗಂಡುದನಿಯಂತಾಯಿತು. ಗಾಯಕಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೇನಿದ್ದೀತು? ಆದರೆ ಅವರು ಹಾಡು ಬಿಡಲಿಲ್ಲ. ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಿಂದ ಕಲಿತ ಕಿರಾಣಾ ಗಾಯಕಿಯನ್ನು ತಮಗೊದಗಿದ ದನಿಗೆ ಒಗ್ಗಿಸಿಕೊಂಡರು. ನಾಡು ಮಾರುಹೋದದ್ದು ಆ ಗಂಭೀರ ದನಿಗೇ. 2002ರಲ್ಲಿ ಪದ್ಮವಿಭೂಷಣ ಅರಸಿ ಬಂದದ್ದೂ ಆ ದನಿಗೇ. ಯಾರಾದರೂ ಕಾಲಯಂತ್ರವೇರಿ ಹೋಗಿ ಆ ಚಿಕಿತ್ಸೆಯನ್ನು ತಪ್ಪಿಸಿದ್ದರೆ ನಮಗೆ ಈ ಗಂಗೂಬಾಯಿ ಸಿಗುತ್ತಿರಲಿಲ್ಲ.

ಹಾಗೆಂದು ಎಲ್ಲ ನಷ್ಟವೂ ಲಾಭವಾಗಿ ತಿರುಗುವುದಿಲ್ಲ. ವೇದಿಕೆಯಲ್ಲಿ ಜೊತೆಗೆ ಕುಳಿತು ಹಾಡುತ್ತಿದ್ದ ಮಗಳು ಕೃಷ್ಣಾ 2004ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದನ್ನು ಸರಿಪಡಿಸುವ ಯಂತ್ರ ಯಾವ ತಾಯಿಗೂ ಸಿಕ್ಕಿಲ್ಲ. ಆದರೂ ಗಂಗೂಬಾಯಿಯವರು 2006ರ ಮಾರ್ಚ್‌ನಲ್ಲಿ, 93ನೆಯ ವಯಸ್ಸಿನಲ್ಲಿ, ಮತ್ತೊಮ್ಮೆ ಕಚೇರಿಗೆ ಕುಳಿತರು. ಅದೇ ಕೊನೆಯದು. ಹಾಕಿಂಗ್ ಅವರ ಔತಣ ನಡೆದ ಮರುತಿಂಗಳು, 2009ರ ಜುಲೈ 21ರಂದು, ಅವರು ಕಣ್ಮುಚ್ಚಿದರು.

ಹಾಗಾದರೆ ಹಿಂದಿನದು ನಮಗೆ ಪೂರ್ತಿ ಮುಚ್ಚಿದ ಬಾಗಿಲೇ? ಅಲ್ಲ. ಅಂಗಳಕ್ಕೆ ಬೀಳುವ ಬಿಸಿಲು ಸೂರ್ಯನಿಂದ ಹೊರಟು 8 ನಿಮಿಷಕ್ಕೂ ಹೆಚ್ಚಾಗಿರುತ್ತದೆ. ಅಂದರೆ ನಾವು ಕಾಣುವುದು ಆಗಿನ ಸೂರ್ಯನನ್ನು. ಹಳೆಯ ಗ್ರಾಮಾಫೋನ್ ತಟ್ಟೆ ತಿರುಗಿದರೆ 1930ರ ದಶಕದ ಹುಬ್ಬಳ್ಳಿಯ ತರುಣಿ ಇಂದಿಗೂ ಹಾಡುತ್ತಾಳೆ. ಹಿಂದಿನದನ್ನು ನೋಡಬಹುದು, ಕೇಳಬಹುದು; ಕೈಹಾಕಿ ತಿದ್ದಲಾಗದು ಅಷ್ಟೆ.

ತಿದ್ದಲು ಸಿಗುವುದು ಮುಂದಿನ ಕಾಲ ಮಾತ್ರ. ಫೇಲಾದ ಪರೀಕ್ಷೆಯ ದಿನ ಮರಳಿ ಬಾರದು. ಮತ್ತೆ ಪರೀಕ್ಷೆಗೆ ಕಟ್ಟಬಹುದು. ಮುಚ್ಚಿದ ಅಂಗಡಿಯ ಸಾಲವನ್ನು ಕಂತುಕಂತಾಗಿ ತೀರಿಸಬಹುದು. ಇನ್ನು ಮಾತು ಬಿಟ್ಟ ತಮ್ಮನ ಮನೆಗೆ ಹೋಗಲು ಯಾವ ಯಂತ್ರವೂ ಬೇಕಿಲ್ಲ. ಇಂದು ಸಂಜೆಯೇ ಹೊರಟರಾಯಿತು.