ಸುಂಟರಗಾಳಿಗೆ ಸಾಕ್ಷಿ ಯಾರು?

2025ರ ಜೂನ್ 20ರ ರಾತ್ರಿ ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಎಂಡರ್ಲಿನ್ ಎಂಬ ಊರಿನ ಬಳಿ ಹಾದುಹೋದ ಸುಂಟರಗಾಳಿಯ ದಾರಿಯಲ್ಲಿ ಒಂದು ಗೂಡ್ಸ್ ರೈಲು ಇತ್ತು. ಕಾಳು ತುಂಬಿದ್ದ ಭಾರದ ವ್ಯಾಗನ್‌ಗಳು ಮಗುಚಿಬಿದ್ದವು. ಖಾಲಿ ಟ್ಯಾಂಕರ್ ವ್ಯಾಗನ್ನೊಂದು ಹಳಿಯಿಂದ ಎದ್ದು ಸುಮಾರು 145 ಮೀಟರ್ ಆಚೆ ಹೋಗಿ ಬಿತ್ತು. ಮೂವರು ಜೀವ ಕಳೆದುಕೊಂಡರು. ಮೊದಲು ಈ ಗಾಳಿಯನ್ನು ಮೂರನೇ ದರ್ಜೆಯದೆಂದು ಬರೆದುಕೊಂಡಿದ್ದ ಹವಾಮಾನ ಇಲಾಖೆಯವರು, ಅಷ್ಟು ತೂಕದ ವ್ಯಾಗನ್ ಮೇಲೇಳಬೇಕಾದರೆ ಎಷ್ಟು ವೇಗ ಬೇಕು ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕಿ, ಅಕ್ಟೋಬರ್‌ನಲ್ಲಿ ಅದನ್ನು ಐದನೇ ದರ್ಜೆಗೆ, ಅಂದರೆ ಗಂಟೆಗೆ 320 ಕಿಲೋಮೀಟರಿಗೂ ಮೀರಿದ ಗಾಳಿಯ ಸಾಲಿಗೆ ಏರಿಸಿದರು. 2013ರ ಮೇ ತಿಂಗಳಲ್ಲಿ ಓಕ್ಲಹೋಮಾದ ಮೂರ್ ಪಟ್ಟಣವನ್ನು ಕೆಡವಿದ ಸುಂಟರಗಾಳಿಯ ನಂತರ ಅಮೆರಿಕದಲ್ಲಿ ಯಾವುದಕ್ಕೂ ಈ ದರ್ಜೆ ಸಿಕ್ಕಿರಲಿಲ್ಲ. ಆ ಹನ್ನೆರಡು ವರ್ಷ ಆಕಾಶ ನಿಜವಾಗಿಯೂ ಸುಮ್ಮನಿತ್ತೇ, ಇಲ್ಲವೇ ಗಾಳಿಯ ದಾರಿಯಲ್ಲಿ ರೈಲಿನಂಥ ಗಟ್ಟಿ ಸಾಕ್ಷಿ ಇರಲಿಲ್ಲವೇ? ವರ್ಷದ ಕೊನೆಗೆ ಪತ್ರಿಕೆಗಳಲ್ಲಿ ಬರುವ ಸುಂಟರಗಾಳಿಗಳ ಪಟ್ಟಿಯನ್ನು ನಾವು ಆಕಾಶದ ಲೆಕ್ಕವೆಂದು ಓದುತ್ತೇವೆ. ಅದು ಬಹುಪಾಲು ಸಾಕ್ಷಿಗಳ ಲೆಕ್ಕ ಎಂಬುದು ನನ್ನ ವಾದ.

ಮೊದಲು ಪದವನ್ನೇ ಬಿಡಿಸಿಕೊಳ್ಳಬೇಕು. ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ತರಗೆಲೆ, ದೂಳು ಎತ್ತಿಕೊಂಡು ಗಿರ್ರನೆ ತಿರುಗುವುದಕ್ಕೂ ನಾವು ಸುಂಟರಗಾಳಿ ಎನ್ನುತ್ತೇವೆ. ಅದು ಕಾದ ನೆಲದಿಂದ ಹುಟ್ಟುವಂಥದು, ಅದಕ್ಕೆ ಮೋಡ ಬೇಡ. ಇಲ್ಲಿ ಹೇಳುತ್ತಿರುವ ಸುಂಟರಗಾಳಿ, ಅಂದರೆ ಟೊರ್ನಾಡೊ, ದೈತ್ಯ ಗುಡುಗುಮೋಡದ ಅಡಿಯಿಂದ ಇಳಿದು ನೆಲ ಮುಟ್ಟುವ ಸುಳಿ. ಕೆಳಗೆ ತೇವದ ಬೆಚ್ಚನೆ ಗಾಳಿ, ಮೇಲೆ ತಂಪು ಒಣಗಾಳಿ, ಎತ್ತರ ಏರಿದಂತೆ ದಿಕ್ಕನ್ನೂ ವೇಗವನ್ನೂ ಬದಲಿಸುವ ಗಾಳಿ, ಇಷ್ಟು ಕೂಡಿದರೆ ಮೇಲೇರುವ ಗಾಳಿಕಂಬವೇ ತಿರುಗಲು ಶುರುಮಾಡುತ್ತದೆ. ಹಾಗೆ ತಿರುಗುವ ಮೋಡಗಳಲ್ಲೂ ಕೆಲವು ಮಾತ್ರ ನೆಲಕ್ಕೆ ಸುಳಿ ಇಳಿಸುತ್ತವೆ. ಯಾವುದು ಇಳಿಸೀತು ಎಂದು ಖಚಿತವಾಗಿ ಹೇಳುವುದು ಇವತ್ತಿಗೂ ಕಷ್ಟ.

ಇಳಿದ ಮೇಲೆ ಅದರ ಬಲ ಅಳೆಯುವುದು ಹೇಗೆ? ಗಾಳಿಯ ವೇಗ ಅಳೆಯುವ ಅನಿಮೋಮೀಟರನ್ನು ಎಲ್ಲೆಂದು ನೆಡುವುದು? ನೆಟ್ಟರೂ ಅದು ಉಳಿಯಬೇಕಲ್ಲ! ದಾರಿ ತೋರಿಸಿದವರು ಟೆಟ್ಸುಯಾ ಫುಜಿತಾ. ಜಪಾನಿನ ಕ್ಯೂಶೂ ದ್ವೀಪದ ಈ ವಿಜ್ಞಾನಿ 1945ರಲ್ಲಿ ನಾಗಸಾಕಿಗೆ ಹೋಗಿ, ಮರಗಳೂ ಕಂಬಗಳೂ ಯಾವ ದಿಕ್ಕಿಗೆ ಬಿದ್ದಿವೆ, ಸುಟ್ಟ ಗುರುತು ಯಾವ ಕಡೆಗಿದೆ ಎಂದು ನೋಡಿ ಬಾಂಬು ಸಿಡಿದ ಎತ್ತರವನ್ನು ಅಂದಾಜು ಮಾಡಿದ್ದರು. ಬಿದ್ದದ್ದನ್ನು ನೋಡಿ ಬೀಳಿಸಿದ್ದನ್ನು ಓದುವ ಇದೇ ಕಲೆಯನ್ನು ಮುಂದೆ ಶಿಕಾಗೊದಲ್ಲಿ ಸುಂಟರಗಾಳಿಗೆ ಹೊಂದಿಸಿ 1971ರಲ್ಲಿ ಅವರ ಹೆಸರಿನ ಮಾಪಕ ತಂದರು. 2007ರಿಂದ ಬಳಕೆಯಲ್ಲಿರುವ ಅದರ ಪರಿಷ್ಕೃತ ರೂಪದಲ್ಲಿ ಮನೆ, ಶಾಲೆ, ಕಂಬ, ಮರ ಎಂದು 28 ಬಗೆಯ ಸಾಕ್ಷಿಗಳಿವೆ. ಸಮೀಕ್ಷೆಗೆ ಹೋದ ಎಂಜಿನಿಯರ್ ಬರಿದಾದ ತಳಪಾಯದ ಮುಂದೆ ಮಂಡಿಯೂರಿ ಕೂರುತ್ತಾನೆ. ಗೋಡೆಯ ಅಡಿಪಟ್ಟಿಯನ್ನು ಕಾಂಕ್ರೀಟಿಗೆ ಬಿಗಿದ ಬೋಲ್ಟು ಇದೆಯೇ, ಅದಕ್ಕೆ ನಟ್ಟು ಮತ್ತು ವಾಷರ್ ಹಾಕಿದ್ದರೇ, ಬರೀ ಮೊಳೆ ಹೊಡೆದು ಬಿಟ್ಟಿದ್ದರೇ ಎಂದು ಬೆರಳಾಡಿಸಿ ನೋಡುತ್ತಾನೆ. ಬರೀ ಮೊಳೆಯಾದರೆ ಮನೆ ಪೂರ್ತಿ ಹಾರಿಹೋಗಿದ್ದರೂ ಗಾಳಿಗೆ ಮೇಲಿನ ದರ್ಜೆ ಸಿಗುವುದಿಲ್ಲ. ಬಡವನ ಮನೆ ಸುಲಭವಾಗಿ ಬೀಳುತ್ತದೆ, ಬಿದ್ದದ್ದು ಬಲವಾದ ಸಾಕ್ಷಿಯಾಗಿಯೂ ನಿಲ್ಲುವುದಿಲ್ಲ.

ರಾಡಾರ್ ಇರುವಾಗ ಮೊಳೆ, ಬೋಲ್ಟುಗಳ ಹಂಗು ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಾಪ್ಲರ್ ರಾಡಾರ್ ನಿಜಕ್ಕೂ ಅದ್ಭುತ ಯಂತ್ರ. ಹತ್ತಿರ ಬರುವ ರೈಲಿನ ಶಿಳ್ಳೆ ತೀಕ್ಷ್ಣವಾಗಿ, ದೂರ ಹೋಗುವಾಗ ಮಂದ್ರವಾಗಿ ಕೇಳುತ್ತದಲ್ಲ, ಅದೇ ತತ್ತ್ವ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ ಇದನ್ನು 1845ರಲ್ಲಿ ರೈಲಿನ ಮೇಲೆ ತುತ್ತೂರಿಯವರನ್ನು ಕೂರಿಸಿ ಪರೀಕ್ಷಿಸಿದ ಡಚ್ಚರ ಬಾಯ್ಸ್ ಬ್ಯಾಲಟ್ ಮುಂದೆ ಹವಾಮಾನ ವಿಜ್ಞಾನಿಯಾಗಿಯೇ ಹೆಸರಾದರು. ಅಮೆರಿಕದಲ್ಲಿ ಈಗ ಇಂಥ ಸುಮಾರು 160 ರಾಡಾರ್‌ಗಳ ಜಾಲವಿದೆ. ಒಂದೊಂದರ ತಟ್ಟೆಯೂ ಎಂಟೂವರೆ ಮೀಟರ್ ಅಗಲ. ರಾಡಾರ್ ಮಿಂಚಿನಂತೆ ಚಿಕ್ಕ ಚಿಕ್ಕ ಸ್ಪಂದನಗಳನ್ನು ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ಒಂದು ಗಂಟೆಯಲ್ಲಿ ಅದು ಕಳಿಸುವ ಹೊತ್ತನ್ನೆಲ್ಲ ಕೂಡಿದರೆ ಸುಮಾರು ಏಳು ಸೆಕೆಂಡು. ಮಿಕ್ಕ 59 ನಿಮಿಷ 53 ಸೆಕೆಂಡು ಬರೀ ಕೇಳಿಸಿಕೊಳ್ಳುತ್ತದೆ. ಪರದೆಯಲ್ಲಿ ರಾಡಾರಿನ ಕಡೆಗೆ ಬರುವ ಹನಿಗಳು ಹಸಿರು, ದೂರ ಸರಿಯುವವು ಕೆಂಪು. ಎರಡೂ ಬಣ್ಣ ಒಂದಕ್ಕೊಂದು ಅಂಟಿಕೊಂಡು ಕಂಡರೆ ಅಲ್ಲಿ ಸುಳಿ ಇದೆ ಎಂದರ್ಥ.

ಆದರೆ ಭೂಮಿ ಗುಂಡಗಿದೆ. ರಾಡಾರಿನ ಕಿರಣ ನೇರವಾಗಿ ಹೋದಷ್ಟೂ ನೆಲ ಕೆಳಗೆ ಜಾರುತ್ತದೆ. ನೂರು ಕಿಲೋಮೀಟರ್ ದಾಟುವ ಹೊತ್ತಿಗೆ ಅತಿ ತಗ್ಗಿನ ಕಿರಣವೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದು ನೋಡುವುದು ಮೋಡದೊಳಗಿನ ಸುಳಿಯನ್ನೇ ಹೊರತು ಮನೆಯ ಬಾಗಿಲಿಗೆ ಬಡಿಯುವ ಗಾಳಿಯನ್ನಲ್ಲ. ಇತ್ತೀಚಿನ ರಾಡಾರ್‌ಗಳು ಅಡ್ಡ ಮತ್ತು ಉದ್ದ ಎರಡೂ ಬಗೆಯ ಅಲೆ ಕಳಿಸಿ, ಮಳೆಹನಿಗೂ ಹಾರುತ್ತಿರುವ ಹಲಗೆ, ತಗಡಿನ ಚೂರಿಗೂ ಇರುವ ವ್ಯತ್ಯಾಸ ಹಿಡಿಯುತ್ತವೆ. ಆಗ ಸುಳಿ ನೆಲ ಮುಟ್ಟಿದ್ದು ಖಾತ್ರಿಯಾಗುತ್ತದೆ. ಇಲ್ಲಿಯೂ ಗಮನಿಸಿ, ಯಂತ್ರಕ್ಕೆ ಖಾತ್ರಿಯಾಗಬೇಕಾದರೆ ಮೊದಲು ಏನಾದರೂ ಮುರಿದು ಹಾರಬೇಕು.

ಲಾರಿಯ ಮೇಲೆ ಹೊತ್ತೊಯ್ಯುವ ರಾಡಾರ್‌ಗಳು ಹತ್ತಿರದಿಂದ, ತಗ್ಗಿನಲ್ಲಿ ನೋಡಬಲ್ಲವು. ಅವು ಹೇಳುವುದು ಬೇರೆಯೇ ಕತೆ. 2013ರ ಮೇ 31ರಂದು ಓಕ್ಲಹೋಮಾದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ 4.2 ಕಿಲೋಮೀಟರ್ ಅಗಲವಿತ್ತು, ದಾಖಲಾದವುಗಳಲ್ಲೇ ಅತಿ ಅಗಲ. ಅಂಥ ರಾಡಾರ್ ಅದರಲ್ಲಿ ಗಂಟೆಗೆ 470 ಕಿಲೋಮೀಟರಿಗೂ ಹೆಚ್ಚಿನ ವೇಗ ಅಳೆಯಿತು. ಸುಂಟರಗಾಳಿಯ ಅಧ್ಯಯನಕ್ಕೇ ಬದುಕು ಮುಡಿಪಿಟ್ಟಿದ್ದ ಟಿಮ್ ಸಮರಾಸ್ ಅದರಲ್ಲೇ ತೀರಿಕೊಂಡರು. ಅಷ್ಟಾದರೂ ಕಡತದಲ್ಲಿ ಅದು ಮೂರನೇ ದರ್ಜೆ, ಏಕೆಂದರೆ ಅದು ಸಾಗಿದ್ದು ಹೆಚ್ಚಾಗಿ ಹೊಲಗಳ ಮೇಲೆ. ಇದೊಂದು ಅಪವಾದವೂ ಅಲ್ಲ. ಜೋಶುವಾ ವರ್ಮನ್ ಮತ್ತು ಸಂಗಡಿಗರು ಇಂಥ ರಾಡಾರ್‌ಗಳ ಅಳತೆಯನ್ನು ಕಡತದ ದರ್ಜೆಗೆ ಹೋಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡತ ಸರಾಸರಿ ಒಂದು ದರ್ಜೆಗಿಂತಲೂ ಹೆಚ್ಚು ಕೆಳಗಿರುತ್ತದೆ. ಅಳತೆಗೆ ಸಿಕ್ಕವುಗಳಲ್ಲಿ ಐದರಲ್ಲೊಂದು ಭಾಗ ನಾಲ್ಕು, ಐದನೇ ದರ್ಜೆಯ ಹಾನಿ ಮಾಡಬಲ್ಲ ಶಕ್ತಿಯವು.

ಎಣಿಕೆಯ ಕತೆಯೂ ಇದೇ. 2004ರಲ್ಲಿ ಅಮೆರಿಕ 1,817 ಸುಂಟರಗಾಳಿ ಎಣಿಸಿತು, ಸತ್ತವರು ನಲವತ್ತು ಮಂದಿಯೂ ಇಲ್ಲ. 2011ರ ಎಣಿಕೆ ಅದಕ್ಕಿಂತ ಕಡಿಮೆ, ಸುಮಾರು 1,700. ಸತ್ತವರು 553 ಮಂದಿ, ಅದರಲ್ಲಿ ಮಿಸೌರಿಯ ಜಾಪ್ಲಿನ್ ಒಂದೇ ಊರಿನಲ್ಲಿ 158. ಯಾವ ವರ್ಷ ಕೆಟ್ಟದ್ದು ಎಂಬುದನ್ನು ಎಣಿಕೆ ಹೇಳಲಿಲ್ಲ. ಬೇರೆ ದೇಶಗಳಿಗೆ ಬಂದರೆ ಕಡತದ ತೂತು ಇನ್ನೂ ದೊಡ್ಡದು. ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಂತೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಬೀಸಿದ್ದು ಅಮೆರಿಕದಲ್ಲಲ್ಲ, ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ, 1989ರ ಏಪ್ರಿಲ್ 26ರಂದು. ಸುಮಾರು 1,300 ಜನ ಸತ್ತರು. ತಗಡು, ಬಿದಿರಿನ ಮನೆಗಳೆಲ್ಲ ಒಂದೇ ರೀತಿ ನೆಲಸಮವಾದ ಕಡೆ ಬಲವನ್ನು ಯಾವುದರಿಂದ ಓದುವುದು? ವೈಶಾಖದ ಬಿರುಗಾಳಿಗೆ ಹೆಸರಾದ ಬಂಗಾಳದ ಆ ಬಯಲಿನ ವಾರ್ಷಿಕ ಎಣಿಕೆ ಕಡಿಮೆ ಕಂಡರೆ, ಅಲ್ಲಿ ಅಪಾಯ ಕಡಿಮೆ ಎಂದು ನಂಬಲು ನಾನಂತೂ ಸಿದ್ಧನಿಲ್ಲ. ಇಂಥವೇ ಗುಡುಗುಮೋಡಗಳಿಂದ ಬೀಳುವ ಆಲಿಕಲ್ಲಿನ ಲೆಕ್ಕ ಇನ್ನೂ ನಾಜೂಕು, ಅಲ್ಲಿ ಸಾಕ್ಷಿಯೇ ಕರಗುತ್ತದೆ. 2010ರ ಜುಲೈನಲ್ಲಿ ಸೌತ್ ಡಕೋಟಾದ ವಿವಿಯನ್ ಊರಲ್ಲಿ ಬಿದ್ದ 20 ಸೆಂಟಿಮೀಟರ್ ಅಡ್ಡಳತೆಯ ಆಲಿಕಲ್ಲು ಅಮೆರಿಕದ ದಾಖಲೆ. ಹೆಕ್ಕಿದವರು ಅದನ್ನು ಫ್ರೀಜರಿನಲ್ಲಿಟ್ಟಿದ್ದರು. ಅದೇ ಬಿರುಮಳೆಗೆ ಕರೆಂಟು ಹೋಗಿ ಕಲ್ಲು ಕರಗುತ್ತ ಬಂತು. ದಾಖಲೆಯಲ್ಲಿರುವುದು ಕರಗಿ ಉಳಿದ ಭಾಗದ ಅಳತೆ.

ಹಾಗಾದರೆ ಹವಾಮಾನ ಬದಲಾವಣೆಯ ಬಗ್ಗೆ ಏನೂ ಹೇಳಲಾಗದೇ ಎಂದು ಕೇಳಿದರೆ, ಹೇಳಬಹುದು, ಆದರೆ ಒಟ್ಟು ಎಣಿಕೆಯಿಂದ ಅಲ್ಲ. 1950ರ ದಶಕದಲ್ಲಿ ನೂರುಗಳಲ್ಲಿದ್ದ ಅಮೆರಿಕದ ವಾರ್ಷಿಕ ಸಂಖ್ಯೆ ಈಗ ಸಾವಿರ ದಾಟಿದೆ. ಏರಿಕೆ ಹೆಚ್ಚುಕಡಿಮೆ ಪೂರ್ತಿ ದುರ್ಬಲ ಸುಂಟರಗಾಳಿಗಳದ್ದು, ಮೊದಲು ಯಾರ ಕಣ್ಣಿಗೂ ಬೀಳದವು ಈಗ ರಾಡಾರಿಗೆ, ಮೊಬೈಲಿಗೆ ಸಿಗುತ್ತಿವೆ. ದುರ್ಬಲವಾದವನ್ನು ಬದಿಗಿಟ್ಟು ನೋಡಿದಾಗ ಹೆರಾಲ್ಡ್ ಬ್ರೂಕ್ಸ್ ಮತ್ತು ಜೊತೆಗಾರರಿಗೆ 2014ರಲ್ಲಿ ಕಂಡದ್ದು ಬೇರೆ: ಸುಂಟರಗಾಳಿ ಏಳುವ ದಿನಗಳು ಕಡಿಮೆಯಾಗಿವೆ, ಒಂದೇ ದಿನ ಹತ್ತಾರು ಏಳುವುದು ಹೆಚ್ಚಿದೆ. ಸಾಕ್ಷಿಗಳ ದೋಷ ಗೊತ್ತಿದ್ದವರಿಗೆ ಮಾತ್ರ ಇಂಥ ಪ್ರಶ್ನೆ ಹೊಳೆಯುತ್ತದೆ.

ಇಷ್ಟು ಕುಂದಿರುವ ಕಡತವನ್ನು ಇಟ್ಟುಕೊಳ್ಳುವುದಾದರೂ ಯಾಕೆ ಎಂಬ ಆಕ್ಷೇಪಕ್ಕೆ ಮೂರ್ ಪಟ್ಟಣವೇ ಉತ್ತರ. ಬಿದ್ದ ಮನೆಗಳ ಸಮೀಕ್ಷೆಯಲ್ಲಿ ಎಲ್ಲೆಲ್ಲಿ ಜೋಡಣೆ ಕಿತ್ತುಬಂದಿದೆ ಎಂದು ನೋಡಿ, 2014ರಲ್ಲಿ ಆ ಊರು ಹೊಸ ಮನೆಗಳು ಗಂಟೆಗೆ 217 ಕಿಲೋಮೀಟರ್ ಗಾಳಿ ತಡೆಯಬೇಕೆಂದು ಕಟ್ಟಡ ನಿಯಮ ತಂದಿತು. ಚಾವಣಿಯ ತೊಲೆಗೂ ಗೋಡೆಗೂ ಲೋಹದ ಪಟ್ಟಿ, ಮೊಳೆಗಳ ನಡುವೆ ಕಡಿಮೆ ಅಂತರ, ಇಂಥ ಸಣ್ಣ ಸಂಗತಿಗಳೇ ಅದರ ಸಾರ. ಇನ್ನೊಂದು ಕಡೆ, ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2017ರಿಂದ ಸಾಕ್ಷಿಗಳನ್ನೇ ಹುಡುಕಿಕೊಂಡು ಹೊರಟಿದೆ. ಮನುಷ್ಯರಿಲ್ಲದ ಕಾಡುಗಳ ಉಪಗ್ರಹ ಚಿತ್ರಗಳನ್ನು ಬಿಡದೆ ಜಾಲಾಡುತ್ತ, ಹಸಿರಿನ ನಡುವೆ ಗೀರಿದಂತೆ ಮಲಗಿದ ಮರಗಳ ಸಾಲು ಕಂಡಲ್ಲಿ ಅವು ಯಾವ ದಿಕ್ಕಿಗೆ ತಲೆ ಮಾಡಿ ಬಿದ್ದಿವೆ ಎಂದು ನೋಡುತ್ತಾರೆ. ಎಲ್ಲವೂ ಒಂದೇ ದಿಕ್ಕಿಗೆ ಹರಡಿ ಬಿದ್ದಿದ್ದರೆ ಮೋಡದಿಂದ ಕುಸಿದ ನೇರ ಗಾಳಿ. ಎರಡೂ ಬದಿಯಿಂದ ನಡುವಿಗೆ ವಾಲಿದ್ದರೆ ಅಲ್ಲೊಂದು ಸುಂಟರಗಾಳಿ ಹಾದುಹೋಗಿದೆ, ಮತ್ತು ಯಾರೂ ನೋಡದ ಅದಕ್ಕೆ ಆ ವರ್ಷದ ಪಟ್ಟಿಯಲ್ಲಿ ಒಂದು ಸಾಲು ಸಿಗುತ್ತದೆ.